ಹೆಡ್‌ಫೋನಿನಲ್ಲಿ ಧ್ವನಿ ಸಾಲದಾದಾಗ

ಕಂಪ್ಯೂಟರಿಗೆ ಹೊರಗಿನಿಂದ ಜೋಡಿಸುವ ಧ್ವನಿ ಪರಿವರ್ತಕವನ್ನು ಬಳಕೆಯ ಮಾತಿನಲ್ಲಿ ‘ಡ್ಯಾಕ್’ ಎನ್ನುತ್ತಾರೆ. ಕಡತದಲ್ಲಿ ಅಂಕಿಗಳ ರೂಪದಲ್ಲಿರುವ ಧ್ವನಿಯನ್ನು ವಿದ್ಯುತ್ತಿನ ಏರಿಳಿತವನ್ನಾಗಿ ಮಾರ್ಪಡಿಸಿ ಹೆಡ್‌ಫೋನಿಗೆ ಒದಗಿಸುವುದು ಇದರ ಕೆಲಸ. ಲ್ಯಾಪ್‌ಟಾಪಿನ ಒಳಗೇ ಇರುವ ಪರಿವರ್ತಕಕ್ಕೆ ಸುತ್ತಲಿನ ಬಿಡಿಭಾಗಗಳ ವಿದ್ಯುತ್ ಗದ್ದಲ ತಾಗುವ ಸಂಭವವಿರುವುದರಿಂದ, ಸ್ವಚ್ಛವಾದ ಧ್ವನಿಯನ್ನು ಬಯಸುವವರು ಬೆರಳುದ್ದದ ಯುಎಸ್‌ಬಿ ತುಂಡನ್ನೋ ಮೇಜಿನ ಮೇಲಿಡುವ ಪೆಟ್ಟಿಗೆಯನ್ನೋ ಕೊಳ್ಳುತ್ತಾರೆ. ಕೊಂಡ ಮೇಲೆ ಧ್ವನಿ ಸ್ವಚ್ಛವಾಗಿದ್ದರೂ ಸಾಲುತ್ತಿಲ್ಲವೆಂಬ ದೂರು ಬಹಳ ಮಂದಿಯಿಂದ ಬರುತ್ತದೆ. ಈ ಕೊರತೆಗೆ ಪರಿವರ್ತಕವೊಂದೇ ಕಾರಣವಾಗಿರುವುದು ಅಪರೂಪ. ಮೂಲ ಧ್ವನಿಮುದ್ರಣದ ಮಟ್ಟ, ಕಂಪ್ಯೂಟರಿನ ತಂತ್ರಾಂಶ, ಪರಿವರ್ತಕ ಕೊಡುವ ವೋಲ್ಟೇಜು, ಹೆಡ್‌ಫೋನು ಕೇಳುವ ವೋಲ್ಟೇಜು, ಕೇಳುಗ ಕುಳಿತ ಕೋಣೆ, ಇವುಗಳಲ್ಲಿ ಯಾವ ಹಂತದಲ್ಲಿ ಧ್ವನಿ ಸೋರಿಹೋಗುತ್ತಿದೆ ಎಂಬುದನ್ನು ಗುರುತಿಸದೆ ಹೊಸ ಸಾಧನಕ್ಕೆ ಹಣ ಹಾಕುವುದು ವ್ಯರ್ಥ.

ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಯಲ್ಲಿ ಈ ವಿಷಯಕ್ಕೆ ಸಿನಿಮಾ ಹಾಡು ಕೇಳುವ ಸುಖಕ್ಕಿಂತ ಹೆಚ್ಚಿನ ತೂಕವಿದೆ. ಇಲ್ಲಿ ಮನೆಮನೆಗಳಲ್ಲಿ ಉಳಿದಿರುವ ಧ್ವನಿಸಂಪತ್ತಿನ ಬಹುಭಾಗ ಯಕ್ಷಗಾನ, ತಾಳಮದ್ದಳೆ, ಪಾಡ್ದನಗಳದ್ದು. ಸ್ಟುಡಿಯೋದಲ್ಲಿ ಹದಗೊಳಿಸಿದ್ದಲ್ಲ, ಬಯಲಿನಲ್ಲಿ, ಚಪ್ಪರದಡಿಯಲ್ಲಿ, ಮನೆಯ ಜಗಲಿಯಲ್ಲಿ ಹಿಡಿದದ್ದು. ಬೆಳ್ತಂಗಡಿ ತಾಲ್ಲೂಕಿನ ಮಾಚಾರಿನ ಗೋಪಾಲ ನಾಯ್ಕರು 1990ರ ಡಿಸೆಂಬರಿನಲ್ಲಿ ತುಳುವಿನಲ್ಲಿ ಹಾಡಿದ ಸಿರಿ ಪಾಡ್ದನವನ್ನು ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ಅವರು ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ, ಆನ್ನೆಲಿ ಹೊಂಕೊ ಅವರೊಂದಿಗೆ ಧ್ವನಿಮುದ್ರಿಸಿಕೊಂಡು, 15,683 ಸಾಲುಗಳ ಮಹಾಕಾವ್ಯವಾಗಿ 1998ರಲ್ಲಿ ಹೆಲ್ಸಿಂಕಿಯಿಂದ ಪ್ರಕಟಿಸಿದರು. ಹಾಡಿದ್ದನ್ನು ಸಾಲುಸಾಲಾಗಿ ಬರಹಕ್ಕಿಳಿಸುವ ಇಂಥ ಕೆಲಸದಲ್ಲಿ ಉಸಿರಿನೊಂದಿಗೆ ನುಂಗಿಹೋದ ಒಂದು ಪ್ರತ್ಯಯವೂ ಕಿವಿಗೆ ಬೀಳಬೇಕಾಗುತ್ತದೆ. ಸಾಕಷ್ಟು ಧ್ವನಿ ಎನ್ನುವುದು ಇಲ್ಲಿ ಪಠ್ಯದ ನಿಖರತೆಯ ಪ್ರಶ್ನೆಯೇ ಆಗುತ್ತದೆ. ಮೂಡುಬಿದಿರೆಯ ಬಳಿಯ ಮಾರೂರಿನಲ್ಲಿ ನೆಲೆಸಿದ್ದು 2023ರಲ್ಲಿ ನಿಧನರಾದ ಬಲಿಪ ನಾರಾಯಣ ಭಾಗವತರ ಯಕ್ಷಗಾನ ಹಾಡುಗಾರಿಕೆಯನ್ನು ಕೇಳಿ ಕಲಿಯಲು ಬಯಸುವ ಎಳೆಯರಿಗೂ ಇನ್ನು ಮುಂದೆ ಉಳಿದಿರುವುದು ಧ್ವನಿಮುದ್ರಣಗಳೇ.

ಮೊದಲ ಸೋರಿಕೆ ಆಗುವುದು ಈ ಮುದ್ರಣಗಳ ಒಳಗೆಯೇ. ಧ್ವನಿಯ ಮಟ್ಟವನ್ನು ಅಳೆಯುವ ಮಾನ ಡೆಸಿಬಲ್. ಇದು ಕೂಡುವ ಲೆಕ್ಕವಲ್ಲ, ಗುಣಿಸುವ ಲೆಕ್ಕ: 10 ಡೆಸಿಬಲ್ ಏರಿಕೆಗೆ ಹತ್ತು ಪಟ್ಟು ವಿದ್ಯುತ್ ಶಕ್ತಿ ಬೇಕು, ಆದರೆ ಕಿವಿಗೆ ಅದು ಸುಮಾರು ಎರಡು ಪಟ್ಟು ಜೋರಾದಂತೆ ಮಾತ್ರ ಕೇಳುತ್ತದೆ. ಡಿಜಿಟಲ್ ಕಡತದಲ್ಲಿ ಹಿಡಿಯಬಹುದಾದ ಗರಿಷ್ಠ ಮಟ್ಟವನ್ನು ಸೊನ್ನೆ ಡೆಸಿಬಲ್ ಎಂದು ಗುರುತಿಸಿ, ಅದರ ಕೆಳಗಿನದ್ದನ್ನೆಲ್ಲ ಋಣ ಸಂಖ್ಯೆಯಲ್ಲಿ ಹೇಳುತ್ತಾರೆ. ಸೊನ್ನೆಯನ್ನು ದಾಟಿದ ಅಲೆಯ ತುದಿ ಕತ್ತರಿಸಿಹೋಗಿ ಧ್ವನಿ ಒಡೆಯುತ್ತದೆ. ಯಕ್ಷಗಾನವನ್ನು ಮುದ್ರಿಸುವವರು ಚೆಂಡೆಯ ಪೆಟ್ಟು ಒಡೆಯದಂತೆ ನೋಡಿಕೊಳ್ಳಲೇಬೇಕಾಗಿರುವುದರಿಂದ, ಆ ಪೆಟ್ಟಿನ ತುದಿ ಸೊನ್ನೆಯ ಹತ್ತಿರ ನಿಂತಾಗ ಭಾಗವತರ ಮೆಲುದನಿಯ ಪದ್ಯವೋ ಅರ್ಥಧಾರಿಯ ತಗ್ಗಿದ ಮಾತೋ ಋಣ 35ರ ಆಸುಪಾಸಿಗೆ ಇಳಿದಿರುವುದು ಸಾಧ್ಯ. ಸಿನಿಮಾ ಹಾಡುಗಳಲ್ಲಿ ಇಂಥ ಅಂತರವನ್ನು ಸ್ಟುಡಿಯೋದಲ್ಲೇ ಕುಗ್ಗಿಸಿರುತ್ತಾರೆ. ಆದ್ದರಿಂದಲೇ ಅದೇ ಪರಿವರ್ತಕ, ಅದೇ ಹೆಡ್‌ಫೋನಿನಲ್ಲಿ ಸಿನಿಮಾ ಹಾಡು ಕಿವಿ ತುಂಬಿದರೆ ತಾಳಮದ್ದಳೆ ದೂರದಿಂದ ಬಂದಂತೆ ಕೇಳಿಸುತ್ತದೆ. ಯೂಟ್ಯೂಬಿನ ಸಾಮಾನ್ಯ ಮಟ್ಟಹೊಂದಿಕೆ ಕೂಡ ಜೋರಾದ ಧ್ವನಿಯನ್ನು ತಗ್ಗಿಸಿ ಒಂದು ಮಟ್ಟಕ್ಕೆ ತರುತ್ತದೆಯೇ ಹೊರತು ಮೆಲ್ಲಗಿರುವುದನ್ನು ಎತ್ತಿ ಕೊಡುವುದಿಲ್ಲ.

ಎರಡನೆಯ ಸೋರಿಕೆಯಾದ ತಂತ್ರಾಂಶವನ್ನು ಸರಿಪಡಿಸಲು ಖರ್ಚಿಲ್ಲ, ಆದರೂ ಜನ ಅದನ್ನು ಕೊನೆಗೆ ನೋಡುತ್ತಾರೆ. ವಿಂಡೋಸ್‌ನಲ್ಲಿ ಒಟ್ಟು ವಾಲ್ಯೂಮ್ ಬೇರೆ, ಪ್ರತಿಯೊಂದು ಆ್ಯಪಿನ ವಾಲ್ಯೂಮ್ ಬೇರೆ. ಬ್ರೌಸರಿನದ್ದು ಯಾವಾಗಲೋ ಅರ್ಧಕ್ಕೆ ಇಳಿದಿದ್ದರೆ ಒಟ್ಟು ವಾಲ್ಯೂಮನ್ನು ನೂರಕ್ಕೆ ಏರಿಸಿದರೂ ಅದು ಅರ್ಧದಲ್ಲೇ ಉಳಿಯುತ್ತದೆ. ಕರೆಯೊಂದು ಬಂದಾಗ ಉಳಿದ ಧ್ವನಿಗಳನ್ನು ಶೇ. 80ರಷ್ಟು ತಗ್ಗಿಸುವ ಏರ್ಪಾಡೂ ವಿಂಡೋಸ್‌ನ ಧ್ವನಿ ಸೆಟ್ಟಿಂಗ್‌ನಲ್ಲಿದೆ. ಲಿನಕ್ಸ್ ಬಳಸುವವರು ‘ಆಲ್ಸಾಮಿಕ್ಸರ್’ ತೆರೆದು, ಎಫ್6 ಒತ್ತಿ ಹೊರಗಿನ ಪರಿವರ್ತಕವನ್ನೇ ಆರಿಸಿ, ಅದರ ಸ್ವಂತ ಮಟ್ಟ ಎಲ್ಲಿದೆಯೆಂದು ನೋಡಬೇಕು, ಏಕೆಂದರೆ ಪರದೆಯ ಮೂಲೆಯ ವಾಲ್ಯೂಮ್ ಪಟ್ಟಿ ಪೂರ್ಣವಾಗಿ ಕಂಡರೂ ಸಾಧನದ ಒಳಗಿನ ಮಟ್ಟ ಕೆಳಗೇ ಉಳಿದಿರಬಹುದು. ಇದೇ ಕಾರಣದಿಂದ ಆಪಲ್‌ನ ಪುಟ್ಟ ಯುಎಸ್‌ಬಿ-ಸಿ ಅಡಾಪ್ಟರು ಕಂಪ್ಯೂಟರಿನಲ್ಲಿ ಸುಮಾರು 1 ವೋಲ್ಟ್ ಕೊಡುವಂಥದ್ದಾದರೂ ಹಲವು ಆಂಡ್ರಾಯ್ಡ್ ಫೋನುಗಳಲ್ಲಿ ತೀರ ಮೆಲ್ಲಗೆ ನುಡಿಯುತ್ತದೆ: ಫೋನು ಅಡಾಪ್ಟರಿನ ಒಳಗಿನ ಮಟ್ಟವನ್ನು ಮೇಲಕ್ಕೇರಿಸುವುದೇ ಇಲ್ಲ.

ತಂತ್ರಾಂಶದಲ್ಲಿ ಎಲ್ಲವೂ ಸರಿಯಿದ್ದು ಧ್ವನಿ ಇನ್ನೂ ಸಾಲದಿದ್ದರೆ ಪ್ರಶ್ನೆ ವಿದ್ಯುತ್ತಿನದ್ದು. ನಿಧಾನವಾಗಿ ಅರ್ಥಮಾಡಿಕೊಳ್ಳಬೇಕಾದ ಭಾಗವೂ ಇದೇ. ಹೆಡ್‌ಫೋನಿನ ಡಬ್ಬದ ಮೇಲೆ ಎರಡು ಸಂಖ್ಯೆಗಳಿರುತ್ತವೆ. ಒಂದು ಓಮ್ ಎಂಬ ಮಾನದಲ್ಲಿರುವ ಇಂಪೀಡೆನ್ಸ್, ಅಂದರೆ ವಿದ್ಯುತ್ ಹರಿವಿಗೆ ಹೆಡ್‌ಫೋನಿನ ಸುರುಳಿ ಒಡ್ಡುವ ತಡೆ. ಇನ್ನೊಂದು ಸಂವೇದನೆ, ಅಂದರೆ 1 ಮಿಲಿವ್ಯಾಟ್ ಶಕ್ತಿ ಕೊಟ್ಟರೆ ಅದು ಎಷ್ಟು ಡೆಸಿಬಲ್ ಧ್ವನಿ ಹೊರಡಿಸುತ್ತದೆ ಎಂಬ ಲೆಕ್ಕ. ಅಡಕೆ ತೋಟದಲ್ಲಿ ಸ್ಪ್ರಿಂಕ್ಲರ್ ತಿರುಗಲು ನೀರಿನ ಒತ್ತಡವೂ ಬೇಕು, ಹರಿವಿನ ಪ್ರಮಾಣವೂ ಬೇಕು ಎಂಬುದು ಕೃಷಿಕರಿಗೆ ತಿಳಿದದ್ದೇ; ವೋಲ್ಟೇಜು ಆ ಒತ್ತಡವಾದರೆ ಕರೆಂಟು ಆ ಹರಿವು. ಹೆಚ್ಚು ಓಮ್‌ನ ಹೆಡ್‌ಫೋನು ಒತ್ತಡವನ್ನು ಹೆಚ್ಚು ಕೇಳುತ್ತದೆ, ಕಡಿಮೆ ಓಮ್‌ನದ್ದು ಹರಿವನ್ನು.

ಲೆಕ್ಕವನ್ನೇ ಹಾಕಿ ನೋಡಬಹುದು. ಬೇಯರ್‌ಡೈನಾಮಿಕ್ ಕಂಪನಿಯ ಡಿಟಿ 770 ಪ್ರೊ ಒಂದೇ ಹೆಸರಿನಲ್ಲಿ 32, 80, 250 ಓಮ್‌ಗಳಲ್ಲಿ ದೊರೆಯುತ್ತಿದ್ದು, ಹೆಸರು ನೋಡಿ ಕೊಂಡವರು ಎಡವುವುದು ಇಲ್ಲಿಯೇ. ಒಂದು 32 ಓಮ್‌ನದ್ದು, ಇನ್ನೊಂದು 250 ಓಮ್‌ನದ್ದು, ಎರಡೂ 1 ಮಿಲಿವ್ಯಾಟಿಗೆ 96 ಡೆಸಿಬಲ್ ಕೊಡುವಂಥವು ಎಂದು ಇಟ್ಟುಕೊಳ್ಳೋಣ. ಆ 1 ಮಿಲಿವ್ಯಾಟ್ ತಲುಪಿಸಲು ಮೊದಲನೆಯದಕ್ಕೆ ಸುಮಾರು 0.18 ವೋಲ್ಟ್ ಸಾಕು, ಎರಡನೆಯದಕ್ಕೆ 0.5 ವೋಲ್ಟ್ ಬೇಕು. ಚೆಂಡೆಯ ಪೆಟ್ಟಿನಂಥ ಕ್ಷಣಿಕ ಏರಿಕೆಗಳು 110 ಡೆಸಿಬಲ್ ಮುಟ್ಟಬೇಕಾದರೆ 25 ಮಿಲಿವ್ಯಾಟ್ ಬೇಕಾಗುತ್ತದೆ; ಆಗ ಮೊದಲನೆಯದು ಕೇಳುವುದು 0.9 ವೋಲ್ಟ್, ಎರಡನೆಯದು 2.5 ವೋಲ್ಟ್. ಗರಿಷ್ಠ 1 ವೋಲ್ಟ್ ಕೊಡುವ ಪುಟ್ಟ ಪರಿವರ್ತಕಕ್ಕೆ 250 ಓಮ್‌ನ ಹೆಡ್‌ಫೋನನ್ನು ಜೋಡಿಸಿದರೆ ತುದಿಮಟ್ಟ 102 ಡೆಸಿಬಲ್ಲಿಗೆ ನಿಲ್ಲುತ್ತದೆ. ಸಿನಿಮಾ ಹಾಡಿಗೆ ಅದು ಧಾರಾಳ. ಆದರೆ ಋಣ 35ರಲ್ಲಿ ಕುಳಿತ ಭಾಗವತಿಕೆ ಕಿವಿಗೆ ತಲುಪುವುದು 67 ಡೆಸಿಬಲ್ಲಿನಲ್ಲಿ, ಹೆಚ್ಚುಕಡಿಮೆ ಎದುರು ಕುಳಿತವರ ಸಾಮಾನ್ಯ ಮಾತಿನ ಮಟ್ಟದಲ್ಲಿ. ಅದೇ ಪರಿವರ್ತಕಕ್ಕೆ 32 ಓಮ್‌ನದ್ದನ್ನು ಸಿಕ್ಕಿಸಿದರೆ, ಬೇಕಾದ ಕರೆಂಟನ್ನು ಅದು ಒದಗಿಸಬಲ್ಲುದಾದ ಪಕ್ಷದಲ್ಲಿ, ಅದೇ ಭಾಗವತಿಕೆ 76 ಡೆಸಿಬಲ್ಲಿಗೆ ಏರುತ್ತದೆ. ಒಂದು ಪೈಸೆಯ ಆಂಪ್ಲಿಫೈಯರ್ ಇಲ್ಲದೆ, ಹೆಡ್‌ಫೋನಿನ ಆಯ್ಕೆಯಿಂದಲೇ ದೊರೆತ 9 ಡೆಸಿಬಲ್ ಇದು.

ಮೇಜಿನ ಮೇಲಿಡುವ ಪರಿವರ್ತಕಗಳಲ್ಲಿ ಬೇರೊಂದು ಗೊಂದಲವಿದೆ. ಅವುಗಳ ಹಿಂದಿರುವ ಕೆಂಪು ಮತ್ತು ಬಿಳಿ ಕಿಂಡಿಗಳು ‘ಲೈನ್ ಔಟ್’. ಅಲ್ಲಿ ಸಾಮಾನ್ಯವಾಗಿ 2 ವೋಲ್ಟ್ ಬರುತ್ತದಾದರೂ ಅದು ಆಂಪ್ಲಿಫೈಯರಿಗೆ ಒಪ್ಪಿಸುವ ಸಂಕೇತ, ಹೆಡ್‌ಫೋನಿನ ಸುರುಳಿಯನ್ನು ಅಲುಗಿಸುವಷ್ಟು ಕರೆಂಟು ಅದರಲ್ಲಿರುವುದಿಲ್ಲ. ಪಿನ್ ಬದಲಿಸುವ ಕೇಬಲ್ಲಿನಿಂದ ಹೆಡ್‌ಫೋನನ್ನು ನೇರವಾಗಿ ಅಲ್ಲಿಗೆ ಸಿಕ್ಕಿಸಿದರೆ ಧ್ವನಿ ಸೊರಗುತ್ತದೆ, ಮಂದ್ರವಂತೂ ಕಾಣೆಯಾಗುತ್ತದೆ. ಹೆಡ್‌ಫೋನಿನ ಕಿಂಡಿಯಿದ್ದರೂ ಪಕ್ಕದಲ್ಲಿ ‘ಗೇನ್’ ಎಂಬ ಸಣ್ಣ ಸ್ವಿಚ್ ಇದೆಯೇ, ಅದು ಕೆಳಮಟ್ಟದಲ್ಲಿದೆಯೇ ಎಂದು ನೋಡುವುದು ಒಳ್ಳೆಯದು. ಹೊಸ ಪರಿವರ್ತಕಗಳಲ್ಲಿ ಕಾಣುವ 4.4 ಮಿ.ಮೀ. ‘ಬ್ಯಾಲೆನ್ಸ್ಡ್’ ಕಿಂಡಿ ಸಾಮಾನ್ಯವಾಗಿ 3.5 ಮಿ.ಮೀ. ಕಿಂಡಿಯ ಎರಡರಷ್ಟು ವೋಲ್ಟೇಜು, ಅಂದರೆ 6 ಡೆಸಿಬಲ್ ಹೆಚ್ಚು ಕೊಡುತ್ತದೆ. ಅದಕ್ಕೆ ಹೊಂದುವ ಕೇಬಲ್ ಮಾತ್ರ ಬೇಕೇ ಬೇಕು. ಇವೆಲ್ಲ ಮುಗಿದ ಮೇಲೂ 250 ಅಥವಾ 300 ಓಮ್‌ನ ಹೆಡ್‌ಫೋನು ಮೆಲ್ಲಗೇ ನುಡಿಯುತ್ತಿದ್ದರೆ ಪ್ರತ್ಯೇಕ ಹೆಡ್‌ಫೋನ್ ಆಂಪ್ಲಿಫೈಯರನ್ನು ಕೊಳ್ಳುವುದು ಸರಿಯಾದ ದಾರಿ, ಆಗ ಆ ಖರ್ಚಿಗೆ ಅರ್ಥವಿದೆ. ಆದರೆ ಆಂಪ್ಲಿಫೈಯರು ಭಾಗವತರ ಸ್ವರವನ್ನು ಎತ್ತಿದಷ್ಟೇ ಕ್ಯಾಸೆಟ್ಟಿನ ‘ಸ್ಸ್’ ಸದ್ದನ್ನೂ ಎತ್ತುತ್ತದೆ, ಚೆಂಡೆಯನ್ನೂ ಅಷ್ಟೇ ಎತ್ತುತ್ತದೆ.

ಆದ್ದರಿಂದ ಏರಿಳಿತ ಹೆಚ್ಚಿರುವ ಮುದ್ರಣಗಳಿಗೆ ಉತ್ತಮ ಮದ್ದು ಆಂಪ್ಲಿಫೈಯರಿಗಿಂತ ‘ಕಂಪ್ರೆಸರ್’. ಜೋರಾದ ಭಾಗವನ್ನು ತಗ್ಗಿಸಿ, ಆ ಮೂಲಕ ದೊರೆತ ಅವಕಾಶದಲ್ಲಿ ಒಟ್ಟು ಧ್ವನಿಯನ್ನು ಮೇಲೆತ್ತುವ ಈ ಉಪಕರಣ, ಉಚಿತವಾಗಿ ದೊರೆಯುವ ಆಡಾಸಿಟಿ ತಂತ್ರಾಂಶದಲ್ಲಿಯೇ ಇದೆ. ಬರಹಕ್ಕಿಳಿಸುವ ಕೆಲಸಕ್ಕೆ ಇದು ಬಹು ಉಪಯುಕ್ತ. ಮೂಲ ಕಡತವನ್ನು ಮುಟ್ಟದೆ ಅದರ ಒಂದು ನಕಲಿನ ಮೇಲೆ ಮಾತ್ರ ಇದನ್ನು ಮಾಡತಕ್ಕದ್ದು, ಏಕೆಂದರೆ ಮೆಲುದನಿಗೂ ಉಚ್ಚ ಸ್ವರಕ್ಕೂ ನಡುವೆ ಕಲಾವಿದ ಇಟ್ಟ ಅಂತರ ಅವನ ಕಲೆಯ ಭಾಗವೇ ಆಗಿದೆ.

ಕೇಳುವ ಕೋಣೆಯ ಪ್ರಭಾವವನ್ನು ವಿದೇಶಿ ಕೈಪಿಡಿಗಳು ಒಂದು ಸಾಲಿನಲ್ಲಿ ಮುಗಿಸುತ್ತವೆ, ದಕ್ಷಿಣ ಕನ್ನಡದಲ್ಲಿ ಹಾಗೆ ಮುಗಿಸಲಾಗದು. ವರ್ಷಕ್ಕೆ 4,000 ಮಿ.ಮೀ. ಆಸುಪಾಸಿನಲ್ಲಿ ಮಳೆ ಸುರಿಯುವ ಈ ನಾಡಿನಲ್ಲಿ, ಆಟಿ ತಿಂಗಳ ಮಳೆ ಹಂಚಿನ ಮಾಡಿನ ಮೇಲೋ ಅಂಗಳದ ತಗಡಿನ ಶೀಟಿನ ಮೇಲೋ ಬಡಿಯುತ್ತಿರುವಾಗ, ಮೇಲೆ ಲೆಕ್ಕ ಹಾಕಿದ 67 ಡೆಸಿಬಲ್ಲಿನ ಭಾಗವತಿಕೆ ಆ ಸದ್ದಿನಲ್ಲಿ ಮುಳುಗಿಹೋಗುತ್ತದೆ. ಬಿ.ಸಿ. ರೋಡಿನಲ್ಲಿ ಹೆದ್ದಾರಿಯ ಬದಿಯ ಮನೆಯವರಿಗೆ ಮಳೆಗಾಲವಿಲ್ಲದೆಯೂ ಇದೇ ತೊಂದರೆ. ಹಿಂಬದಿ ತೆರೆದಿರುವ ‘ಓಪನ್ ಬ್ಯಾಕ್’ ಹೆಡ್‌ಫೋನುಗಳು, ಸೆನ್‌ಹೈಸರ್ ಎಚ್‌ಡಿ 600ರಂಥ ಹೆಸರಾಂತವುಗಳೂ ಸೇರಿದಂತೆ, ಹೊರಗಿನ ಸದ್ದನ್ನು ತಡೆಯುವುದೇ ಇಲ್ಲ. ಅಂಥಲ್ಲಿ ವಾಲ್ಯೂಮ್ ಏರಿಸುವುದಕ್ಕಿಂತ ಕಿವಿಯನ್ನು ಪೂರ್ತಿ ಮುಚ್ಚುವ ‘ಕ್ಲೋಸ್ಡ್ ಬ್ಯಾಕ್’ ಹೆಡ್‌ಫೋನನ್ನೋ ಕಿವಿಯೊಳಗೆ ಬಿಗಿಯಾಗಿ ಕೂರುವ ಇಯರ್‌ಫೋನನ್ನೋ ಬಳಸುವುದು ಜಾಣತನ. ಮಳೆಗಾಲದ ತೇವದಿಂದ ಕ್ಲಾವು ಹಿಡಿದ ಪಿನ್ನು, ಅರ್ಧ ಮಾತ್ರ ಒಳಹೋದ ಜ್ಯಾಕು, ಇಯರ್‌ಫೋನಿನ ಜಾಲರಿಗೆ ಮೆತ್ತಿದ ಕಿವಿಗುಗ್ಗೆ, ಇವೂ ಧ್ವನಿಯನ್ನು ಕದಿಯುತ್ತವೆ. ಒಂದು ಕಿವಿಯಲ್ಲಿ ಮಾತ್ರ ಮೆಲ್ಲಗಾದರೆ ಮೊದಲು ಇವನ್ನೇ ಸಂಶಯಿಸಬೇಕು.

ಧ್ವನಿಯನ್ನು ಏರಿಸುವ ದಾರಿಗಳನ್ನು ಹೇಳುವವರು ಅದರ ಎಲ್ಲೆಯನ್ನೂ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ವಯಸ್ಕರಿಗೆ ಸುರಕ್ಷಿತವಾದದ್ದು 80 ಡೆಸಿಬಲ್ಲಿನಲ್ಲಿ ವಾರಕ್ಕೆ 40 ಗಂಟೆ, ಮಕ್ಕಳಿಗೆ 75 ಡೆಸಿಬಲ್ಲಿನಲ್ಲಿ ಅಷ್ಟೇ ಅವಧಿ. ಮಟ್ಟ 3 ಡೆಸಿಬಲ್ ಏರಿದಂತೆಲ್ಲ ಆ ಅವಧಿ ಅರ್ಧರ್ಧವಾಗುತ್ತದೆ. ಮೆಲುದನಿಯ ಮುದ್ರಣಕ್ಕಾಗಿ ವಾಲ್ಯೂಮನ್ನು ಪೂರ್ತಿ ತಿರುಗಿಸಿಟ್ಟು, ಅದನ್ನು ಮರೆತು ಸಿನಿಮಾ ಹಾಡನ್ನು ಹಚ್ಚಿದರೆ ಆಗುವ ಆಘಾತ ದೊಡ್ಡದು. ಒಮ್ಮೆ ಸತ್ತ ಒಳಗಿವಿಯ ಕೂದಲುಕೋಶಗಳು ಮನುಷ್ಯನಲ್ಲಿ ಮತ್ತೆ ಬೆಳೆಯುವುದಿಲ್ಲ.

ಬಿ.ಸಿ. ರೋಡಿನ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರ ತುಳುವರ ಬದುಕಿನ ವಸ್ತುಗಳನ್ನು ಕಾಪಾಡಿಟ್ಟಿರುವಂತೆ, ಮನೆಗಳ ಕಪಾಟಿನಲ್ಲಿರುವ ಕ್ಯಾಸೆಟ್ಟುಗಳ ಧ್ವನಿಯನ್ನೂ ಕಾಪಾಡುವ ಹೊಣೆ ಅವುಗಳ ಒಡೆಯರ ಮೇಲಿದೆ. ಕೊಳೆ ಹಿಡಿಯುವ ಮೊದಲೇ ಅವನ್ನು ಕಂಪ್ಯೂಟರಿಗೆ ಇಳಿಸುವವರು, ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ ಹೇಳುವ ಕನಿಷ್ಠ 48 ಕಿಲೋಹರ್ಟ್ಸ್, 24 ಬಿಟ್ ಗುಣಮಟ್ಟದಲ್ಲಿ, ಚೆಂಡೆಯ ಅತಿ ಜೋರಿನ ಪೆಟ್ಟು ಋಣ 6 ಡೆಸಿಬಲ್ಲನ್ನು ದಾಟದಂತೆ ಮಟ್ಟವನ್ನು ಹೊಂದಿಸಿ ಮುದ್ರಿಸಿಕೊಳ್ಳಲಿ. ಯಾವ ತಿದ್ದುಪಡಿಯೂ ಇಲ್ಲದ ಆ ಮೂಲವನ್ನು ಎರಡು ಕಡೆ ಇರಿಸಿ, ಕೇಳಲು ಮತ್ತು ಹಂಚಲು ಕಂಪ್ರೆಸರ್ ಬಳಸಿದ ಪ್ರತಿಯನ್ನು ಬೇರೆಯಾಗಿಯೇ ಮಾಡಿಕೊಳ್ಳಲಿ.