ಕಡಲತೀರದಲ್ಲಿ ಮೈಸೂರುಪಾಕ

ನೀರು ಮೈಸೂರಿನಲ್ಲಿ ಸುಮಾರು 97.5 ಡಿಗ್ರಿ ಸೆಂಟಿಗ್ರೇಡಿಗೇ ಕುದಿಯುತ್ತದೆ; ಕಡಲಂಚಿನ ಕಾರವಾರ, ಅಂಕೋಲೆಗಳಲ್ಲಿ 100ಕ್ಕೆ. ಎತ್ತರದ ಊರಿನಲ್ಲಿ ವಾಯುಭಾರ ಕಡಿಮೆಯಿರುವುದೇ ಇದಕ್ಕೆ ಕಾರಣ. ಹಾಗಾದರೆ, ಮೈಸೂರಿನಲ್ಲಿ ಉಷ್ಣಮಾಪಕವಿಟ್ಟು ಗುರುತಿಸಿಕೊಂಡ ಪಾಕದ ಅಂಕಿಯನ್ನು ನಾವು ಕಾರವಾರದ ಅಡಿಗೆಮನೆಯಲ್ಲಿ ನಂಬಬಹುದೇ? ನಂಬಿದರೆ ಪಾಕ ತೆಳುವಾಗಿಯೇ ಉಳಿದು, ಮಿಠಾಯಿ ಗಟ್ಟಿಯಾಗದು.

ನಮ್ಮ ತಾಯಂದಿರು ನೋಡುವುದು ಬೆರಳುಗಳ ನಡುವಿನ ಎಳೆಯನ್ನು. ಅದು ತಿಳಿಸುವುದು ಶಾಖವನ್ನಲ್ಲ, ಸಕ್ಕರೆಯ ಸಾಂದ್ರತೆಯನ್ನು. ಆದುದರಿಂದ ಎಲ್ಲ ಊರಿಗೂ ಅದೊಂದೇ ಅಳತೆ.

ಒಂದೆಳೆ ಬಂದೊಡನೆ ಜರಡಿ ಹಿಡಿದ ಕಡಲೆಹಿಟ್ಟನ್ನು ಉದುರಿಸಿ, ಬಿಡದೆ ಕೈಯಾಡಿಸುತ್ತ, ಕಾದ ತುಪ್ಪವನ್ನು ಸ್ವಲ್ಪ ಸ್ವಲ್ಪವಾಗಿ ಎರೆಯಬೇಕು. ತುಪ್ಪದ ಶಾಖಕ್ಕೆ ಪಾಕದ ನೀರು ಆವಿಯಾಗಿ ನೊರೆಯೇಳುತ್ತದೆ. ಆ ಗುಳ್ಳೆಗಳ ಗುರುತೇ ಮಿಠಾಯಿಯಲ್ಲಿ ಕಾಣುವ ರಂಧ್ರಗಳು. ಆರಿದ ತುಂಡುಗಳನ್ನು ಬಿಗಿಮುಚ್ಚಳದ ಡಬ್ಬಿಯಲ್ಲಿಡೋಣ: ಇಲ್ಲದಿದ್ದರೆ ಕರಾವಳಿಯ ಗಾಳಿಯ ತೇವವನ್ನು ಸಕ್ಕರೆ ಹೀರಿ, ಗರಿಗರಿತನ ಕಳೆದುಹೋದೀತು.