ಮಗುವಿನ ಕ್ಷಯ, ರಕ್ತದ ರಿಪೋರ್ಟು
ಚೆನ್ನೈ ಎಗ್ಮೋರಿನ ಸರ್ಕಾರಿ ಮಕ್ಕಳ ಆಸ್ಪತ್ರೆಗೆ ಬರುವ ನಮ್ಮ ಕಡೆಯವರು, ಲ್ಯಾಬ್ ಕೆಲಸದವಳೆಂದು ನನ್ನನ್ನು ಕೇಳುವುದುಂಟು: "ಅಕ್ಕಾ, ಟಿ.ಬಿ. ಇದೆಯೋ ಇಲ್ಲವೋ ಒಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗಲ್ವಾ?"

ಆ ಆಸೆ ಸಹಜ. ಚಿಕ್ಕ ಮಕ್ಕಳು ಕಫ ಉಗುಳುವುದಿಲ್ಲ, ನುಂಗಿಬಿಡುತ್ತಾರೆ. ಹಾಗಾಗಿ ಸಾಮಾನ್ಯವಾಗಿ ಬೆಳಗ್ಗೆ ಖಾಲಿ ಹೊಟ್ಟೆಯಲ್ಲೇ ಮೂಗಿನಿಂದ ಸಣ್ಣ ಕೊಳವೆ ಇಳಿಸಿ ಹೊಟ್ಟೆಯ ದ್ರವ ತೆಗೆಯುತ್ತಾರೆ. ಮಗು ಚೀರುತ್ತದೆ, ಕೈಕಾಲು ಹಿಡಿದುಕೊಂಡ ತಾಯಿಯೂ ಅಳುತ್ತಾಳೆ. ಇದಕ್ಕಿಂತ ಸುಲಭವೆಂದು, ರಕ್ತದಲ್ಲಿ ಕ್ಷಯದ ಪ್ರತಿಕಾಯ ಹುಡುಕುವ ಕಿಟ್‌ಗಳು ದೇಶದಲ್ಲಿ ವರ್ಷಗಟ್ಟಲೆ ಮಾರಾಟವಾದವು. ಅವು ಎಷ್ಟೋ ರೋಗಿಗಳನ್ನು ಕೈಬಿಟ್ಟು, ಆರೋಗ್ಯವಂತರಿಗೆ ರೋಗದ ಹಣೆಪಟ್ಟಿ ಹಚ್ಚುತ್ತಿದ್ದವು. ಬಳಸಬೇಡಿ ಎಂದು 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. 2012ರಲ್ಲಿ ಭಾರತ ನಿಷೇಧಿಸಿತು. ಸರಿಯಾದ ತೀರ್ಮಾನ, ಬಂದದ್ದು ತಡವಾಗಿ.

ಪರೀಕ್ಷೆ ಚೆನ್ನಾಗಿದ್ದರೂ ಎಲ್ಲರಿಗೂ ಮಾಡಿದರೆ ದಾರಿ ತಪ್ಪಿಸಬಹುದು. ಒಂದು ಲೆಕ್ಕ ನೋಡಿ. 1,000 ಮಕ್ಕಳಲ್ಲಿ 10 ಮಂದಿಗೆ ಕಾಯಿಲೆ ಇದೆ ಎನ್ನೋಣ. ಪರೀಕ್ಷೆ ರೋಗಿಗಳಲ್ಲೂ ಆರೋಗ್ಯವಂತರಲ್ಲೂ ನೂರಕ್ಕೆ 90 ಸಲ ಸರಿ ಎಂದೂ ಇಟ್ಟುಕೊಳ್ಳೋಣ. 10ರಲ್ಲಿ 9 ಮಕ್ಕಳು ಪತ್ತೆಯಾಗುತ್ತಾರೆ. ಉಳಿದ 990ರಲ್ಲಿ 99 ಮಕ್ಕಳಿಗೂ ಪಾಸಿಟಿವ್ ಬರುತ್ತದೆ! ಒಟ್ಟು 108 ಪಾಸಿಟಿವ್, ನಿಜವಾದವು 9 ಮಾತ್ರ. ಅದೇ ಪರೀಕ್ಷೆಯನ್ನು ವಾರಗಟ್ಟಲೆ ಕೆಮ್ಮುವ, ತೂಕ ಇಳಿದ, ಮನೆಯಲ್ಲಿ ಕ್ಷಯರೋಗಿ ಇರುವ ಮಕ್ಕಳಿಗಷ್ಟೇ ಮಾಡಿದರೆ ಪಾಸಿಟಿವ್‌ಗೆ ಬೆಲೆ ಬರುತ್ತದೆ.

ಈಗ ರೋಗಾಣುವಿನ ಡಿಎನ್‌ಎ ಹುಡುಕುವ ಸಿಬಿನಾಟ್ ಯಂತ್ರ ಸುಮಾರು ಎರಡು ಗಂಟೆಯಲ್ಲಿ ಫಲಿತಾಂಶ ಕೊಡುತ್ತದೆ. ಆದರೆ ಮಕ್ಕಳ ಮಾದರಿಯಲ್ಲಿ ರೋಗಾಣು ತೀರಾ ಕಡಿಮೆ. ನೆಗೆಟಿವ್ ಬಂದ ಮಾತ್ರಕ್ಕೆ ನಿಶ್ಚಿಂತೆ ಸಲ್ಲದು. ಬರೀ ರಿಪೋರ್ಟು ಕಳಿಸಬೇಡಿ, ಮಗುವನ್ನೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.