ಸಂಬಳವಿಲ್ಲದ ಆಟಕ್ಕೆ ಇಡೀ ಸೀಸನ್ ಏಕೆ?

ಗಾಲ್ಫ್‌ನ ಕೆಳಹಂತದ ಟೂರ್ ಆಡುವವರಿಗೆ ಸಂಬಳವಿಲ್ಲವಂತೆ. ಒಂದೇ ಟೂರ್ನಿಯಲ್ಲಿ ಆಯ್ಕೆ ಮುಗಿಸದೆ ವರ್ಷವಿಡೀ ಏಕೆ ಆಡಿಸುತ್ತಾರೆ? – ಓದುಗರು, ಕೊಟ್ಟೂರು

ಸಂಬಳವಿಲ್ಲ, ನಿಜ. ಕೂಡ್ಲಿಗಿಯ ಮಳೆಯಾಶ್ರಿತ ಶೇಂಗಾ ಬೆಳೆಗಾರನಂತೆ ಇಲ್ಲೂ ಖರ್ಚು ಮೊದಲು, ಆದಾಯ ಆಮೇಲೆ. ಪ್ರಯಾಣ, ಊಟ-ವಸತಿ, ಕ್ಯಾಡಿಯ ಕೂಲಿ ಎಲ್ಲ ಆಟಗಾರನದೇ. ಆರಂಭದ ಸುತ್ತುಗಳ ನಂತರದ ‘ಕಟ್’ (ಮುಂದುವರಿಯಲು ಬೇಕಾದ ಅಂಕದ ಗೆರೆ) ದಾಟದಿದ್ದರೆ ಬಹುಮಾನದ ಹಣವಿಲ್ಲ. ಭಾರತದ ವೃತ್ತಿಪರ ಗಾಲ್ಫ್ ಟೂರ್ ನಡೆಸುವ ಪಿಜಿಟಿಐ 2024ರಲ್ಲಿ ಇಂಥ ‘ನೆಕ್ಸ್‌ಜೆನ್’ ಟೂರ್ ಆರಂಭಿಸಿತು. ಟೂರ್ನಿಗಳ ಗಳಿಕೆ ಕೂಡಿಸಿ, ವರ್ಷಾಂತ್ಯದ ಪಟ್ಟಿಯಲ್ಲಿ ಮೇಲಿದ್ದವರಿಗೆ ಮುಖ್ಯ ಟೂರ್‌ಗೆ ದಾರಿ. ಪ್ರತಿಭೆ ಗುರುತಿಸಲು ಒಂದು ವಾರ ಸಾಕಲ್ಲವೇ ಎನ್ನಬಹುದು. ಸಾಲದು. ಗಾಳಿ ತಿರುಗಿದರೆ, ಮೂರಡಿ ದೂರದಿಂದ ತಟ್ಟಿದ ಚೆಂಡು ಕುಳಿಯಂಚು ಸವರಿ ಹೊರಳಿದರೆ ಸಮರ್ಥನೂ ಸೋಲುತ್ತಾನೆ. ಹಲವು ಮೈದಾನಗಳ ಮೊತ್ತದಲ್ಲಿ ಅದೃಷ್ಟದ ಪಾಲು ಕುಗ್ಗಿ, ಸ್ಥಿರತೆ ಎದ್ದು ಕಾಣುತ್ತದೆ. ಕೈಯಲ್ಲಿ ಕಾಸಿಲ್ಲದ ಪ್ರತಿಭಾವಂತ ನಡುವೆಯೇ ನಿಂತುಬಿಡುವುದು ಮಾತ್ರ ಈ ಪದ್ಧತಿಯ ದೊಡ್ಡ ಕೊರತೆ.